ಪಗಾರದ ಆಳು

ಅಣ್ಣ ಹೂಂ ಅಂದನೋ ಉಹೂಂ ಅಂದನೋ ಎಂಬುದು ಬಸ್ಸು ಮೂಡಲಗಿ ದಾಟಿ ಕಬ್ಬಿನ ಹೊಲಗಳ ನಡುವೆ ಬಂದರೂ ಶ್ರೀಶೈಲನಿಗೆ ತಿಳಿಯಲಿಲ್ಲ. ಕಿಡಕಿಗೆ ತಲೆ ಆನಿಸಿ ಬೆಳಿಗ್ಗೆಯ ಮಾತನ್ನು ಅವನು ಮತ್ತೆ ಮತ್ತೆ ತಿರುವಿ ಹಾಕಿ ನೋಡಿದ. ಅಣ್ಣ ಕಲ್ಲಪ್ಪ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ರೊಕ್ಕದ ಗಲ್ಲೆಯ ಮುಂದೆ ಕೂತಿದ್ದ. ಗೊಬ್ಬರದ ಅಂಗಡಿಯ ಆ ಘಾಟು ವಾಸನೆಯಲ್ಲಿ, ಯೂರಿಯಾ ಚೀಲಗಳನ್ನು ಒಂದರ ಮೇಲೊಂದು ಒಟ್ಟುತ್ತ, ಅಣ್ಣನ ಮುಖ ನೋಡದೆ ಹೇಳಿದರೆ ಸುಲಭವಾದೀತು ಎಂದುಕೊಂಡು ಶ್ರೀಶೈಲ ಚೀಲಗಳಿಗೇ ಹೇಳುವವನಂತೆ ಹೇಳಿದ್ದ. "ಅಣ್ಣಾ, ದ್ರಾಕ್ಷಾಯಿಣಿ ಫೋನ್ ಮಾಡಿದ್ಲು. ಅಕಿಗಿ ಸರಕಾರಿ ನರ್ಸ್ ನೌಕರಿ ಆಗೇತಂತ, ರಾಯಚೂರ ಕಡೆ. ಅವರವ್ವ ಬಿದ್ದು ಸೊಂಟಾ ಮುರ್ಕೊಂಡು ಮಗನ ಮನ್ಯಾಗ ಅದಾಳಂತ. ಅಲ್ಲಿ ಮನಿ ಸಿಕ್ಕು ಒಂದ ಹದಕ್ಕ ಬರೂ ಮಟ, ಒಂದ ವರ್ಷ, ಐಶ್ವರ್ಯಾನ ನಾವ ಇಟ್ಕೋಬೇಕಂತ." ಕಲ್ಲಪ್ಪ ಯಾರಿಗೋ ಬಿಲ್ಲು ಬರೆಯುತ್ತಿದ್ದ. ಬರೆದು ಮುಗಿಸಿ, ಕಾಗದ ಹರಿದು, ಗಿರಾಕಿಯ ಕೈಗೆ ಕೊಟ್ಟು, ಅವನು ಹೋದ ಮೇಲೆ ಪೆನ್ನಿನ ಟೋಪಿ ಹಾಕಿದ. "ಕೂಸ ನಮ್ಮದ ಐತಿ. ಬಂದ್ರ ಬರ್ಲಿ. ನಿಮ್ಮ ವೈನೀನ ಒಂದ ಮಾತ ಕೇಳು" ಅಂದ. ಬರ್ಲಿ ಎಂಬುದಕ್ಕೂ ಬಂದ್ರ ಬರ್ಲಿ ಎಂಬುದಕ್ಕೂ ನಡುವೆ ಒಂದು ಅಗಸೆಬಾಗಿಲು ಇದೆಯೆಂದೂ ಅದನ್ನು ಅರ್ಧ ಮಾತ್ರ ತೆರೆದಿದ್ದಾರೆಂದೂ ಶ್ರೀಶೈಲನಿಗೆ ಅನ್ನಿಸಿತು. ಒಳಗೆ ಅತ್ತಿಗೆ ಕಾಶೆವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳಿದರೆ ಅವಳು ತಿರುಗಿಯೂ ನೋಡಲಿಲ್ಲ. "ನನ್ನೇನ ಕೇಳ್ತಿ? ತರೂದಿದ್ರ ಕರಕೊಂಡ ಬಾ. ಬ್ಯಾಡ ಅನ್ನಾಕ ನಾ ಯಾರು?" ಅಂದಳು. ಹಾಗೆ ಅಂದ ಮೇಲೆ ಅವಳ ಕೈಯ ಬಡಿತ ಜೋರಾಯಿತೋ ಮೊದಲಿನಿಂದಲೂ ಅಷ್ಟೇ ಇತ್ತೋ. ಆ ಬೆನ್ನನ್ನು ನೋಡುತ್ತ ಅವನು ಹೊಸ್ತಿಲಲ್ಲಿ ನಿಂತೇ ಇದ್ದ. ಅವನು ಸಾಲಿಗೆ ಹೋಗುವ ಹುಡುಗನಾಗಿದ್ದಾಗ ಈ ಮನೆಗೆ ಬಂದ ಹೆಂಗಸು ಅವಳು, ಎಷ್ಟೋ ಸಲ ಅವನ ತಲೆಗೆ ಎಣ್ಣೆ ತಿಕ್ಕಿದವಳು. ಒಂದು ಕಾಲದಲ್ಲಿ ಆ ಬೆನ್ನು ಅವನಿಗೆ ಬರಿಯ ಬೆನ್ನಾಗಿತ್ತು. ಈಗ ಅದರಲ್ಲಿ ಏನೇನೋ ಓದಬೇಕಾಗಿತ್ತು.

ತಿಕೀಟು ಕೊಡುವವನು ಬಂದಾಗ ಕಿಸೆಯಿಂದ ಐದುನೂರರ ನೋಟು ಹೊರಬಂತು. ಅಣ್ಣ ಕೊಟ್ಟದ್ದು. ಕೂಸಿಗೆ ಏನಾದರೂ ತೆಗೆದುಕೊಡು ಅಂದಿದ್ದ. ಯಾತಕ್ಕೆ, ಏನು ಎಂದು ಕಲ್ಲಪ್ಪ ಎಂದೂ ಕೇಳುವವನಲ್ಲ. ಗಲ್ಲೆ ಎಳೆದು ಕೊಡುತ್ತಾನೆ. ಕೇಳದಿದ್ದರೂ ವಿವರ ಹೇಳುವ ಚಾಳಿ ಶ್ರೀಶೈಲನಿಗೇ ಹತ್ತಿತ್ತು. ಅಣ್ಣಾ, ಚಪ್ಪಲಿ ಹರದಾವು. ಅಣ್ಣಾ, ಹಲ್ಲಿನ ಡಾಕ್ಟರು ಮತ್ತೊಮ್ಮೆ ಬಾ ಅಂದಾರ. ಹೇಳುವಾಗ ತನ್ನ ದನಿ ಸಣ್ಣಗಾಗುವುದು ಅವನಿಗೇ ಕೇಳುತ್ತಿತ್ತು. ಮದುವೆ ಮುರಿಯುವ ಮೊದಲು ಅದೇ ಅಂಗಡಿಯಲ್ಲಿ, ಅದೇ ಗಲ್ಲೆಯ ಹಿಂದೆ ಕೂತಿದ್ದವನು ತಾನು. ದ್ರಾಕ್ಷಾಯಿಣಿ ನರ್ಸಿಂಗ್ ಹೋಮಿನ ಡ್ಯೂಟಿ ಮುಗಿಸಿ ಬಂದು, ಐಶ್ವರ್ಯಾಗೆ ಸ್ವೆಟರ್ ತರಬೇಕು, ಚಳಿ ಬಿದ್ದೈತಿ ಅಂದಿದ್ದಳು. ಅವಳ ಪಗಾರ ಬೀಳುವ ಬ್ಯಾಂಕಿನ ಕಾರ್ಡು ಇವನ ಕಿಸೆಯಲ್ಲೇ ಇರುತ್ತಿತ್ತು. "ಹೋದ ತಿಂಗಳ ಕೊಟ್ಟಿದ್ದ ಏನ ಮಾಡ್ದಿ, ಮೊದಲ ಅದನ್ನ ಹೇಳು" ಅಂದಿದ್ದ, ಬೀಜ ಕೊಳ್ಳಲು ಬಂದ ಇಬ್ಬರು ರೈತರ ಮುಂದೆ. ಅವಳು ಹೇಳಿದಳು. ಹಾಲಿಗೆ ಇಷ್ಟು, ಔಷಧಿಗೆ ಇಷ್ಟು, ಬಸ್ಸಿಗೆ ಇಷ್ಟು. ಆ ರೈತರು ಬೀಜದ ಪಾಕೀಟಿನ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವಳ ಕಿವಿ ಕೆಂಪಾದದ್ದನ್ನು ಆಗ ಅವನು ಕಂಡಿದ್ದ. ಕಂಡು ಏನೋ ಒಂದು ಸಮಾಧಾನವಾಗಿತ್ತು. ಆ ಸಮಾಧಾನ ಎಂಥದ್ದು ಎಂದು ಈಗ ನೆನೆದರೆ ಬಸ್ಸಿನ ಸೀಟಿನಲ್ಲಿ ಕೂತಲ್ಲೇ ಮೈ ಹಿಡಿಯಾಗುತ್ತಿತ್ತು. ಪಕ್ಕದಲ್ಲಿ ಒಬ್ಬಳು ಹೆಣ್ಣುಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಿದ್ದೆಗಣ್ಣಿನ ಆ ಕೂಸಿನ ಪಾದ ಅವನ ಮೊಣಕೈಗೆ ತಾಗುತ್ತಿತ್ತು. ಅವನು ಕೈ ಸರಿಸಲಿಲ್ಲ.

ವಿಚ್ಛೇದನದ ಕೇಸು ನಡೆದಾಗ ಹೊಲ ಬರೆದುಕೊಟ್ಟದ್ದು ಅವನದೇ ಬುದ್ಧಿ. ವಕೀಲರು ಒಂದು ಎಳೆ ತೋರಿಸಿದ್ದರು, ಅಷ್ಟೆ. ಕೈಯಲ್ಲಿ ಏನೂ ಇಲ್ಲದವನಿಂದ ಕೋರ್ಟು ತಾನೆ ಏನು ಕೊಡಿಸೀತು ಅಂದಿದ್ದರು. ಕಾಲುವೆಯ ದಂಡೆಯ ನಾಲ್ಕು ಎಕರೆ, ಅಂಗಡಿಯ ಲೈಸೆನ್ಸು ಎರಡನ್ನೂ ಅಣ್ಣನ ಹೆಸರಿಗೆ ಮಾಡಲು ಹೊರಟಾಗ ಕಲ್ಲಪ್ಪನೇ ಕೈ ಹಿಡಿದುಕೊಂಡಿದ್ದ. "ಬ್ಯಾಡೋ ತಮ್ಮಾ. ನಾಳೆ ಮಂದಿ ನನಗ ಅಂತಾರ. ಅಕಿಗಿ ಕೊಡೂದನ್ನ ಕೊಟ್ಟ ಕೈ ಮುಗಿ." ಇವನು ಕೇಳಲಿಲ್ಲ. ನೋಂದಣಿ ಕಚೇರಿಯಲ್ಲಿ ಫೋಟೋ ತೆಗೆಯುವಾಗ, ಸ್ವಲ್ಪ ಮುಖ ಮ್ಯಾಲೆತ್ರಿ ಅಂದಿದ್ದರು. ಎತ್ತಿದ್ದ. ಆಮೇಲೆ ವಕೀಲರು ಇನ್ನೊಂದು ಎಳೆ ತೋರಿಸಿದರು. ಕೂಸನ್ನೂ ಕೇಳ್ರಿ, ಅಂದ್ರ ಅಕಿ ರೊಕ್ಕದ ಮಾತ ಬಿಡ್ತಾಳ. ಕೂಸನ್ನೂ ಕೇಳಿದ. ತಂದೆಯ ಕರುಳು ಎಂದೆಲ್ಲ ಅರ್ಜಿಯಲ್ಲಿ ಬರೆಸಿದ್ದರು. ಓದಿದಾಗ ಯಾರದೋ ದುಃಖ ಎನ್ನುವ ಹಾಗಿತ್ತು. ಹುಕ್ಕೇರಿಯ ಕೋರ್ಟಿನಲ್ಲಿ ಅವಳ ವಕೀಲರು, ನಿಮ್ಮ ಉದ್ಯೋಗ ಏನ್ರಿ ಎಂದು ಕೇಳಿದಾಗ, "ಅಣ್ಣನ ಅಂಗಡ್ಯಾಗ ಪಗಾರದ ಆಳರಿ" ಅಂದಿದ್ದ. ದ್ರಾಕ್ಷಾಯಿಣಿ ಆಗ ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ. ನಡುಬೀದಿಯಲ್ಲಿ ಧೋತರ ಬಿಚ್ಚಿಬಿದ್ದ ಪರಿಚಯದ ಮನುಷ್ಯನನ್ನು ನೋಡುವಂತೆ ನೋಡಿ ಮುಖ ಆಚೆ ತಿರುಗಿಸಿದಳು. ಮುಂದಿನ ತಾರೀಖಿಗೆ ಅವಳೇ, ನನಗೇನೂ ಬ್ಯಾಡ, ಕೂಸ ನನಗಿರ್ಲಿ ಎಂದು ಬರೆದುಕೊಟ್ಟಳು. ಕೂಸಿನ ಹೆಸರಿಗೆ ತಿಂಗಳಿಗೆ ಒಂದಿಷ್ಟು ಎಂದು ಕೋರ್ಟು ಗೊತ್ತುಮಾಡಿತು. ಅದೂ ಪಗಾರದ ಆಳಿಗೆ ಒಗ್ಗುವಷ್ಟು. ವಕೀಲರು ಹೊರಗೆ ಬಂದು ಬೆನ್ನು ಚಪ್ಪರಿಸಿದ್ದರು. ಅಂದು ಚಹಾದ ಅಂಗಡಿಯಲ್ಲಿ ಎರಡು ಪ್ಲೇಟು ಭಜಿ ತಿಂದದ್ದು ನೆನಪಿದೆ.

ಆಮೇಲೆ ಯಾವಾಗ ಆ ಪಗಾರದ ಆಳಿನ ಮಾತು ಖರೆಯಾಯಿತು ಎಂಬುದು ಅವನಿಗೆ ತಿಳಿಯದು. ಯಾರೂ ಮೋಸ ಮಾಡಲಿಲ್ಲ. ಮೊದಮೊದಲು ಮಾಲು ತರಿಸುವಾಗ ಅಣ್ಣ ಇವನನ್ನು ಕೇಳುತ್ತಿದ್ದ. ಆಮೇಲೆ ಕೇಳುವುದು ಕಡಿಮೆಯಾಯಿತು. ಸಹಿ ಮಾಡುವವನೇ ಮಾತಾಡಬೇಕಲ್ಲ. ಕಂಪನಿಯವರು ಬಂದರೆ ಕಲ್ಲಪ್ಪನ ಮುಂದೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಗಿರಾಕಿಗಳು, ಸಾಹುಕಾರ ಎಲ್ಲದಾರ್ರಿ ಎಂದು ಇವನನ್ನೇ ಕೇಳತೊಡಗಿದರು. ಬರ್ತಾರ, ಕುಂದರ್ರಿ ಎಂದು ಇವನು ಹೇಳತೊಡಗಿದ. ಹೇಳುವುದು ರೂಢಿಯಾಯಿತು. ಅಣ್ಣ ಒಳಗೆ ಬಂದರೆ ಎದ್ದು ನಿಲ್ಲುವುದೂ ರೂಢಿಯಾಯಿತು. ಇವತ್ತು ಬೆಳಿಗ್ಗೆ ಬಹಳ ಧೈರ್ಯ ಮಾಡಿ, "ಹೊಲದ್ದ ಏನರ ಮಾಡೂಣಲ್ಲ ಅಣ್ಣಾ, ಒಂದ ಎಕರೆ ಆದ್ರೂ ನನ್ನ ಹೆಸರಿಗಿ. ಕೂಸ ಬಂದ್ರ..." ಅಂದಿದ್ದ. ಕಲ್ಲಪ್ಪ ನಿಜವಾದ ಮರುಕದಿಂದ ಅವನನ್ನು ನೋಡಿದ. "ಮಾಡೂಣ. ಅದ್ರಾಗ ನಂದೇನೈತಿ? ಆದ್ರ ಪೈಪ್‌ಲೈನಿನ ಸಾಲ ತೀರೂ ಮಟ ಬ್ಯಾಂಕಿನವರು ಕೈ ಹಚ್ಚಗೊಡಂಗಿಲ್ಲ. ಮತ್ತ ನೀ ಕೋರ್ಟಿನ್ಯಾಗ ಆಣಿ ಮಾಡಿ ಹೇಳೀದಿ. ಈಗ ತಿರುಗಿ ಬರಸ್ಕೊಂಡ್ರ ಸುಳ್ಳ ಹೇಳಿದಂಗ ಆಕ್ಕೈತಿ. ಸ್ವಲ್ಪ ತಡಿ." ಆ ಮಾತಿನಲ್ಲಿ ತಪ್ಪು ಹುಡುಕಲು ಅವನು ಬಸ್ಸು ಗೋಕಾಕದ ಗುಡ್ಡ ಕಾಣುವವರೆಗೂ ಪ್ರಯತ್ನಪಟ್ಟ. ಒಂದಾದರೂ ಸಿಕ್ಕಿದ್ದರೆ ಅಣ್ಣನ ಮೇಲೆ ಸಿಟ್ಟಾಗಬಹುದಿತ್ತು.

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಅವನ ಕಣ್ಣಿಗೆ ಮೊದಲು ಬಿದ್ದದ್ದು ಮಗಳಲ್ಲ, ಅವಳ ಚೀಲ. ಬಾಯಿಗೆ ಹಗ್ಗ ಕಟ್ಟಿದ, ಹೊಟ್ಟೆ ಉಬ್ಬಿದ ನೀಲಿ ಚೀಲ. ಅದರ ಮೇಲೆ ಸಾಲಿಯ ಪಾಟಿಚೀಲ. ಅದರ ಪಕ್ಕ ಐಶ್ವರ್ಯ. ಹೋದ ಸಲಕ್ಕಿಂತ ಗಿಡ್ಡವಾಗಿ ಕಾಣುವ ಚೂಡಿದಾರ, ಬಿಗಿಯಾಗಿ ಹೆಣೆದ ಎರಡು ಜಡೆ, ಹನ್ನೊಂದರ ಹುಡುಗಿಯ ಉದ್ದನೆಯ ಕಾಲು. ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದರು. ಫೋನಿನಲ್ಲಿ ತಾನು, ರವಿವಾರ ಬರ್ರಿ, ಮಾತಾಡೂಣ ಅಂದಿದ್ದೆನಲ್ಲ, ಬರೀ ಮಾತಾಡೂಣ ಅಂದಿದ್ದೆ. ಇವರು ಅದನ್ನು ಹೂಂ ಎಂದು ತಿಳಿದುಕೊಂಡರೇ? ದ್ರಾಕ್ಷಾಯಿಣಿಯ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅವಳು ಸುಮ್ಮನೆ, "ಬಂದ್ರ್ಯಾ" ಅಂದಳು. ಮೂವರೂ ಎದುರಿನ ಹೊಟೇಲಿಗೆ ಹೋಗಿ ಕೂತರು. ಪೂರಿ ಹೇಳಿದರು. ನೋಡಿದವರಿಗೆ ಒಂದು ಸಂಸಾರ ಪ್ಯಾಟಿಗೆ ಬಂದು ಪೂರಿ ತಿನ್ನುತ್ತಿದೆ ಎಂದೇ ಕಾಣುತ್ತಿತ್ತು. ಪೂರಿ ತಂದವನು ಇವನ ಮುಂದೆಯೇ ಬಿಲ್ಲು ಇಟ್ಟ.

ದ್ರಾಕ್ಷಾಯಿಣಿ ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಗುವಾಗ ಹೇಳುವ ದನಿಯಲ್ಲಿ ಹೇಳಿದಳು. ಸಾಲಿಯ ಟಿ.ಸಿ. ತೆಗೆಸಿದ್ದೇನೆ, ಪಾಟಿಚೀಲದ ಮುಂದಿನ ಖಾನೆಯಲ್ಲಿದೆ. ರಾತ್ರಿ ಕೆಮ್ಮು ಹೆಚ್ಚಾಗಿ ಉಸಿರು ಕಟ್ಟಿದರೆ ಈ ಪಂಪು ಎರಡು ಸಲ ಎಳೆಸಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು, ಮರೆಯಬಾರದು. ಉಪ್ಪಿಟ್ಟು ಉಣ್ಣುವುದಿಲ್ಲ. ಕತ್ತಲೆಗೆ ಅಂಜುತ್ತಾಳೆ, ಕೇಳಿದರೆ ಇಲ್ಲ ಅನ್ನುತ್ತಾಳೆ. ಐಶ್ವರ್ಯ, "ಮಮ್ಮೀ" ಎಂದು ನಾಚಿಕೊಂಡು ತಂದೆಯನ್ನು ಕಡೆಗಣ್ಣಿನಿಂದ ನೋಡಿ ನಕ್ಕಳು. ಶ್ರೀಶೈಲ ಪೂರಿಯನ್ನು ತಾಟಿಗೆ ಇಟ್ಟ. ನೀರು ಕುಡಿದ. "ಇವತ್ತ?" ಅಂದ.

"ಮತ್ತ? ನಾಳೆ ರಾತ್ರಿ ಗಾಡಿಗಿ ನಾ ಹೋಗಬೇಕ್ರಿ. ಹೇಳಿದ್ನೆಲ್ಲ."

"ಇಲ್ಲ, ಮನ್ಯಾಗ ಸ್ವಲ್ಪ ಅಡಚಣಿ ಐತಿ. ವೈನಿಗಿ ಆರಾಮಿಲ್ಲ."

ಹೇಳುವ ತನಕ ಅವನಿಗೇ ಗೊತ್ತಿರಲಿಲ್ಲ, ಇದನ್ನು ಹೇಳುತ್ತೇನೆಂದು. ಐಶ್ವರ್ಯಳ ನಗು ಹೋಗಿ ಮುಖದಲ್ಲಿ ದೊಡ್ಡವರ ಕಾಳಜಿ ಬಂತು. "ದೊಡ್ಡವ್ವಗ ಏನಾಗೇತಿ ಪಪ್ಪಾ? ನಾ ಭಾಂಡೆ ತಿಕ್ಕತೇನಲ್ಲ. ಕಸಾನೂ ಹೊಡೀತೇನಿ. ಮಮ್ಮಿ ಡ್ಯೂಟಿಗಿ ಹೋದಾಗ ಎಲ್ಲಾ ನಾನ ಮಾಡ್ತೇನಿ, ಚಪಾತಿ ಒಂದ ಬರಂಗಿಲ್ಲ." ಮಗಳು ಇಷ್ಟು ಹಗುರಾಗಿ, ಒಂದು ಮನೆಯಲ್ಲಿ ಇರಗೊಡುವುದಕ್ಕೆ ತಾನು ಕೊಡಬಹುದಾದ್ದನ್ನೆಲ್ಲ ಎಣಿಸಿ ಹೇಳುವುದನ್ನು ಅವನು ಕೇಳಿದ. ಅವಳು ಮೂಡಲಗಿಯ ಆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕಾಶೆವ್ವನ ಬೆನ್ನನ್ನು ನೋಡುತ್ತ, ಇನ್ನೊಂದು ರೊಟ್ಟಿ ಕೇಳಲೋ ಬೇಡವೋ ಅನ್ನುವುದು ಕಣ್ಣಿಗೆ ಕಟ್ಟಿತು. ಅದಕ್ಕಾಗಿಯೇ ಬೇಡ ಅನ್ನುತ್ತಿದ್ದೇನೆ, ಕೂಸಿನ ಸಲುವಾಗಿಯೇ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅದರ ಹಿಂದೆ ಇನ್ನೊಂದು ಚಿತ್ರ ಬಂದು ನಿಂತಿತು. ಅಂಗಡಿಗೆ ಅಣ್ಣ ಬರುತ್ತಾನೆ. ತಾನು ಎದ್ದು ನಿಲ್ಲುತ್ತೇನೆ. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತ ಐಶ್ವರ್ಯ ತಲೆ ಎತ್ತಿ ಅದನ್ನು ನೋಡುತ್ತಾಳೆ. ಒಂದು ದಿನವಲ್ಲ, ವರ್ಷಪೂರ್ತಿ ನೋಡುತ್ತಾಳೆ. ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಪೂರಿ ಕೊಡಿಸುವ ಪಪ್ಪ ಅಲ್ಲಿ ಇರುವುದಿಲ್ಲ.

"ಐಶೂ, ಹೋಗಿ ಕೈ ತೊಳಕೊಂಡ ಬಾ" ಅಂದಳು ದ್ರಾಕ್ಷಾಯಿಣಿ. ಹುಡುಗಿ ಎದ್ದು ಹೋದಮೇಲೆ ಮೇಜಿನ ಮೇಲೆ ಮೊಣಕೈ ಊರಿ, "ಖರೆ ಹೇಳ್ರಿ" ಅಂದಳು.

ಅವನಿಗೆ ಒಮ್ಮೆಲೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಈ ಲೋಕದಲ್ಲಿ ಯಾರಿಗಾದರೂ ಹೇಳುವುದಿದ್ದರೆ ಇವಳಿಗೆ. "ನನ್ನ ಹೆಸರಿಲೆ ಏನೂ ಇಲ್ಲ ದ್ರಾಕ್ಷಾಯಿಣಿ. ಅಣ್ಣನ ಮನ್ಯಾಗ ಉಣ್ಣಾಂವ ನಾ. ಅವರ ಅಂಗಡ್ಯಾಗ ಪಗಾರದ ಆಳು."

ಅವಳ ತುಟಿಯ ಒಂದು ಮೂಲೆ ಸರಿಯಿತು. "ಮತ್ತ ಅದನ್ನ ಹೇಳಾಕತ್ತೀರೇನ್ರಿ? ಇಲ್ಲಿ ಜಜ್ ಸಾಹೇಬ್ರು ಯಾರೂ ಇಲ್ಲ."

"ಇಲ್ಲ, ಈಗ ಖರೇನ ಹೇಳಾಕತ್ತೇನಿ."

"ಅವತ್ತೂ ಆಣಿ ಮಾಡಿ ಹೇಳಿದ್ರಿ."

ಅಂದಿನ ಮಾತು ಸುಳ್ಳು, ಇಂದಿನದು ಖರೆ, ಆದರೆ ಎರಡೂ ಒಂದೇ ಮಾತು ಎಂಬುದನ್ನು ಯಾವ ಮಾತಿನಲ್ಲಿ ಬಿಡಿಸಿ ಹೇಳಬೇಕೆಂದು ತಿಳಿಯದೆ ಅವನು ಮೇಜಿನ ಮೇಲೆ ಚೆಲ್ಲಿದ ನೀರನ್ನು ಬೆರಳಿನಿಂದ ಎಳೆಯುತ್ತ ಕೂತ.

"ನಾ ರೊಕ್ಕಾ ಕೇಳಾಕ ಬಂದಿಲ್ರಿ" ಎಂದು ದ್ರಾಕ್ಷಾಯಿಣಿ ದನಿ ತಗ್ಗಿಸಿ ಹೇಳಿದಳು. "ಅವತ್ತ ಬಿಟ್ಟದ್ದನ್ನ ಬಿಟ್ಟೇನಿ. ಅಕಿ ಖರ್ಚಿಗಿ ನಾನ ಕಳಸತಿದ್ದೆ. ನೀವು ಕೋರ್ಟಿನ್ಯಾಗ, ಮಗಳನ ಬಿಟ್ಟ ಇರಾಕ ಆಗಂಗಿಲ್ಲ ಅಂತ ಬರಸಿದ್ರೆಲ್ಲ, ಅದೊಂದ ಮಾತ ಖರೆ ಇದ್ದೀತು ಅಂತ ತಿಳಕೊಂಡಿದ್ದೆ. ಅಷ್ಟ." ಸೆರಗಿನಿಂದ ಮುಖ ಒರಸಿಕೊಂಡಳು, ಅತ್ತಿರಲಿಲ್ಲ, ಬೆವರಿತ್ತು. "ಇರ್ಲಿ. ಹಾಸ್ಟೆಲಿಗಿ ಹಾಕ್ತೇನಿ."

ಐಶ್ವರ್ಯ ಒದ್ದೆ ಕೈ ಝಾಡಿಸುತ್ತ ಬಂದಳು. ಇಬ್ಬರ ಮುಖವನ್ನೂ ನೋಡಿದಳು. ಯಾರೂ ಏನೂ ಹೇಳದೆ ಅವಳಿಗೆ ಎಲ್ಲವೂ ತಿಳಿಯಿತು ಎಂಬುದು ಶ್ರೀಶೈಲನಿಗೂ ತಿಳಿಯಿತು. ಅವಳು ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡು ಬಗ್ಗಿ ನೀಲಿ ಚೀಲದ ಹಿಡಿಕೆ ಹಿಡಿದಳು. ಅವನು ಗಡಬಡಿಸಿ ಎದ್ದು ಕೈ ಚಾಚಿದ. ಅವಳು ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಂಡಳು. "ಇರ್ಲಿ ಪಪ್ಪಾ, ಭಾರ ಇಲ್ಲ." ಆ ಭಾರಕ್ಕೆ ಅವಳ ಒಂದು ಭುಜ ಪೂರ್ತಿ ಕೆಳಗಿಳಿದಿತ್ತು. ಹುಕ್ಕೇರಿಯ ಬಸ್ಸು ನಿಂತಿತ್ತು. ಅವನು ಓಡಿಹೋಗಿ ಮಿಠಾಯಿ ಅಂಗಡಿಯಿಂದ ಕರದಂಟಿನ ಡಬ್ಬಿ ತಂದು ಕಿಡಕಿಯಲ್ಲಿ ಕೊಟ್ಟ. "ಥ್ಯಾಂಕ್ಯೂ ಪಪ್ಪಾ" ಅಂದಳು, ಪರರ ಮನೆಯಲ್ಲಿ ಏನಾದರೂ ಕೊಟ್ಟರೆ ಹೀಗೆ ಹೇಳಬೇಕೆಂದು ಕಲಿಸಿದ ಹಾಗೆ. ದ್ರಾಕ್ಷಾಯಿಣಿ ಆಚೆ ನೋಡುತ್ತಿದ್ದಳು. ಬಸ್ಸು ಹಿಂದೆ ಸರಿದು, ತಿರುಗಿ, ಹೋಯಿತು. ಈಗ ಓಡಿದರೆ ಚೌಕದಲ್ಲಿ ಹಿಡಿಯಬಹುದು ಎಂದು ಅವನು ಎಷ್ಟೋ ಹೊತ್ತು, ಆ ಬಸ್ಸು ಘಟಪ್ರಭಾ ಮುಟ್ಟಿರಬಹುದಾದ ಹೊತ್ತಿನವರೆಗೂ, ಅಲ್ಲಿಯೇ ನಿಂತು ಯೋಚಿಸುತ್ತಿದ್ದ.

ಮೂಡಲಗಿಗೆ ಬಂದು ಇಳಿದಾಗ ದೀಪ ಹಚ್ಚುವ ಹೊತ್ತು. ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಪಡಸಾಲೆಯಲ್ಲಿ ಕಲ್ಲಪ್ಪ ಧೋತರ ಮೇಲೆತ್ತಿ ಕಟ್ಟಿಕೊಂಡು ಮೊಣಕಾಲೂರಿ ಕೂತು, ಹೊಸ ಕಬ್ಬಿಣದ ಮಂಚವೊಂದರ ನಟ್ಟು ಬಿಗಿ ಮಾಡುತ್ತಿದ್ದ. ಕಾಟಿನ ಮೇಲೆ ಹೂವಿನ ಚಿತ್ರದ ಹೊಚ್ಚಹೊಸ ಚಾದರ ಇನ್ನೂ ಮಡಿಕೆ ಬಿಚ್ಚದೆ ಕೂತಿತ್ತು. ಒಳಗಿನಿಂದ ಬೆಲ್ಲ, ಶೇಂಗಾ ಹುರಿದ ವಾಸನೆ ಬರುತ್ತಿತ್ತು. ಕಾಶೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವನ ಹಿಂದೆ, ಅವನ ಪಕ್ಕದಲ್ಲಿ, ಬಾಗಿಲ ಆಚೆ ನೋಡಿದಳು.

"ಎಲ್ಲೈತೋ ಕೂಸು?"

ಅವನು ಚಪ್ಪಲಿ ಬಿಡುತ್ತ ನಿಂತ.

"ನೀ ಹೋದ ಕೂಡಲೇ ನಿಮ್ಮಣ್ಣಾರ ಪ್ಯಾಟಿಗಿ ಹೋಗಿ ಕಾಟ ತಂದಾರ. ನನ್ನ ಬಾಜೂಕ ಮಲಗ್ತೈತಿ ಬಿಡ್ರಿ ಅಂದ್ರ ಕೇಳವಲ್ರು. ಬೆಳಿಯೂ ಹುಡುಗಿ, ಅದಕ್ಕೊಂದ ಜಾಗಾ ಬೇಕು ಅಂದ್ರು. ನಾ ಹೋಳಿಗಿ ಮಾಡೇನಿ. ಉಣ್ಣತೈತ್ಯೋ ಇಲ್ಲೋ, ಸಣ್ಣಕಿದ್ದಾಗ ಉಣ್ಣತಿತ್ತು. ಎಲ್ಲಿ, ಹಿಂದ ಬರಾಕತ್ತೈತೇನ?"

ಫೋನು ಕಿಸೆಯಲ್ಲಿತ್ತು. ಅವರು ಈಗಷ್ಟೇ ಹುಕ್ಕೇರಿ ಮುಟ್ಟಿರುತ್ತಾರೆ. ಚೀಲ ಇನ್ನೂ ಬಿಚ್ಚಿರುವುದಿಲ್ಲ. ನಾಳೆ ರಾತ್ರಿಯ ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿದೆ. ಹೇಳುವುದು ಇಷ್ಟೇ. ನಾನೇ ಬ್ಯಾಡ ಅಂದೆ ವೈನಿ, ನಿಮಗ ಆರಾಮಿಲ್ಲ ಅಂತ ಹೇಳಿದೆ. ಆಮೇಲೆ ಇವರಿಬ್ಬರೂ ಯಾಕೆ ಅನ್ನುತ್ತಾರೆ. ಕಲ್ಲಪ್ಪ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ತಲೆ ಎತ್ತಿ ನೋಡಿದ. ಆ ಮುಖದಲ್ಲಿ ಸಾಹುಕಾರ ಇರಲಿಲ್ಲ. ಬೆವರು ಹರಿದು ವಿಭೂತಿ ಕದಡಿದ ಅಣ್ಣನ ಮುಖ, ಅಷ್ಟೆ. ಯಾಕೆ ಎಂಬುದಕ್ಕೆ ಈ ಮುಖದ ಎದುರು ಏನು ಹೇಳುವುದು?

"ಕಳಸಲಿಲ್ಲ" ಅಂದ.

"ಯಾರು?"

"ಅಕಿ. ನಮ್ಮ ಮನಿ ಮ್ಯಾಲ ಅಕಿಗಿ ನಂಬಿಕಿ ಇಲ್ಲಂತ. ಹಾಸ್ಟೆಲಿಗಿ ಹಾಕ್ತಾಳಂತ."

ಕಾಶೆವ್ವ ಕಾಟಿನ ಅಂಚಿಗೆ ಮೆಲ್ಲಗೆ ಕೂತಳು. ಹಿಟ್ಟಿನ ಕೈ ಚಾದರಕ್ಕೆ ತಾಗದಂತೆ ಮೇಲೆ ಹಿಡಿದುಕೊಂಡಿದ್ದಳು. ಕಲ್ಲಪ್ಪ ಎದ್ದು ಬಂದ. "ನಾ ಒಂದ ಮಾತ ಫೋನ್ ಮಾಡ್ಲ್ಯಾ? ನಾ ಹೇಳಿದ್ರ ಕೇಳ್ತಾಳ ಅಕಿ. ಮೊದಲಿಂದೂ ನನ್ನ ಮಾತಿಗಿ ಬೆಲಿ ಕೊಡ್ತಿದ್ಲು."

"ಬ್ಯಾಡಣ್ಣಾ. ಫೋನ್ ಎತ್ತಂಗಿಲ್ಲ ಅಂದಾಳ. ಮತ್ತ ಕೋರ್ಟು ಅಂತ ಹೋದ್ರ ಎಲ್ಲಾರಿಗೂ ತ್ರಾಸು."

ಕಲ್ಲಪ್ಪ ಅವನ ಹೆಗಲ ಮೇಲೆ ಕೈ ಇಟ್ಟ. ಎಷ್ಟೋ ವರ್ಷಗಳಾಗಿದ್ದವು ಅಣ್ಣ ಹೀಗೆ ಕೈ ಇಟ್ಟು. ಆ ಕೈಯ ಬಿಸಿ ಅಂಗಿಯ ಒಳಗಿಳಿದು, ಇಡೀ ದಿನ ಗಂಟು ಹಾಕಿಕೊಂಡಿದ್ದ ಯಾವುದೋ ನರ ಸಡಿಲಾಗಿ, ಶ್ರೀಶೈಲನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಕಾಶೆವ್ವನೂ ಅತ್ತಳು. ಆಮೇಲೆ ಮೂಗು ಒರಸಿಕೊಂಡು, ಎದ್ದು, ತಾಟು ಹಾಕಿದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಬ್ಯಾಡ ಅಂದರೂ ಕೇಳದೆ ಇನ್ನೊಂದು ಚಮಚೆ ಸುರಿದಳು.

"ಎಂಥಾ ಹೆಣ್ಮಗಳೋ ಅಕಿ! ಹೆತ್ತ ಕೂಸನ್ನ ಒಯ್ದು ಮಂದ್ಯಾಗ ಒಗ್ಯಾಕ ಮನಸ್ಸರ ಹ್ಯಾಂಗ ಬರ್ತೈತಿ?"

"ಹೌದ ವೈನಿ" ಅಂದ ಶ್ರೀಶೈಲ, ತುತ್ತು ಮುರಿಯುತ್ತ. ತನ್ನ ದನಿ ಎಷ್ಟು ಸಹಜವಾಗಿದೆ ಎಂಬುದು ಅವನಿಗೇ ಕೇಳಿಸಿತು. ಹಸಿವೆಯೂ ಆಗಿತ್ತು. ತಾಟಿನಲ್ಲಿದ್ದದ್ದು ಮುಗಿದ ಮೇಲೆ, ಕೇಳುವ ಮೊದಲೇ, ಕಾಶೆವ್ವ ಇನ್ನೊಂದು ಹೋಳಿಗೆ ತಂದು ಹಾಕಿದಳು.